ಮೂರೂವರೆ ಗಂಟೆಯ ಪಜೀತಿ

ಅಮೆರಿಕದಲ್ಲಿರುವ ಮಗಳಿಗೆ ಯಾವಾಗ ಫೋನ್ ಮಾಡಬೇಕೆಂಬುದು ಊರಿನ ಎಲ್ಲ ಅಮ್ಮಂದಿರಿಗೂ ಗೊತ್ತು. ನಮಗೆ ಹಗಲಾದರೆ ಅವರಿಗೆ ರಾತ್ರಿ, ಲೆಕ್ಕ ಅಲ್ಲಿಗೆ ಮುಗಿಯಿತು. ಜಪಾನಿನಲ್ಲಿರುವವರ ಪಾಡೇ ಬೇರೆ. ಜಪಾನ್ ಭಾರತಕ್ಕಿಂತ ಮುಂದಿರುವುದು ಬರೀ ಮೂರೂವರೆ ಗಂಟೆ. ಅಷ್ಟಕ್ಕೆಲ್ಲ ಲೆಕ್ಕ ಹಾಕುವ ಜನ ನಮ್ಮವರಲ್ಲ. 'ಇಲ್ಲೇ ಏಷ್ಯಾದಲ್ಲೇ ಇದಾನಲ್ಲ' ಎಂಬ ಧೈರ್ಯದಲ್ಲಿ ರಾತ್ರಿ ಊಟ ಮುಗಿಸಿ, ಧಾರಾವಾಹಿಗಳನ್ನೆಲ್ಲ ನೋಡಿ, ಪಾತ್ರೆ ತೊಳೆದಿಟ್ಟು ಒಂಬತ್ತೂವರೆಗೆ ಆರಾಮಾಗಿ ಕರೆ ಮಾಡುತ್ತಾರೆ. ಟೋಕಿಯೊದಲ್ಲಿ ಆಗ ರಾತ್ರಿ ಒಂದು ಗಂಟೆ. 'ಏನೋ, ಇಷ್ಟು ಬೇಗ ಮಲಗಿಬಿಟ್ಟಿದ್ಯಾ? ಮೈ ಹುಷಾರಿಲ್ವಾ?'

ಇತ್ತ ಜಪಾನಿನ ಕಡೆಯಿಂದ ಮಾಡಲು ಹೊರಟರೂ ಅಷ್ಟೆ. ಸಂಜೆ ಏಳಕ್ಕೆ ಆಫೀಸಿನಿಂದ ಹೊರಬಿದ್ದು ಫೋನ್ ತೆಗೆದರೆ ಊರಿನಲ್ಲಿ ಮೂರೂವರೆ, ಅಮ್ಮನ ಮಧ್ಯಾಹ್ನದ ನಿದ್ದೆ. ಬೆಳಿಗ್ಗೆ ಎಂಟಕ್ಕೆ ಮಾಡೋಣವೆಂದರೆ ಅಲ್ಲಿ ನಾಲ್ಕೂವರೆ. ಆ ಹೊತ್ತಿಗೆ ಬರುವ ಕರೆಗೆ ನಮ್ಮ ಕಡೆ ಒಂದೇ ಅರ್ಥ. ಫೋನ್ ಎತ್ತುವ ಮೊದಲೇ ಅಪ್ಪ ಯಾರು ಹೋದರೆಂದು ಮನಸ್ಸಿನಲ್ಲೇ ಪಟ್ಟಿ ಹಾಕಿರುತ್ತಾರೆ. ಹಾಗಾಗಿ ವಾರದ ದಿನಗಳಲ್ಲಿ ನಿಜವಾಗಿ ಕೈಗೆ ಸಿಗುವುದು ಒಂದೇ ಕಿಂಡಿ: ಜಪಾನಿನ ರಾತ್ರಿ ಒಂಬತ್ತರಿಂದ ಹತ್ತು, ಊರಿನ ಸಂಜೆ ಐದೂವರೆಯಿಂದ ಆರೂವರೆ. ಕಾಫಿ ಮುಗಿದಿರುತ್ತದೆ, ದೇವರ ದೀಪ ಇನ್ನೂ ಹಚ್ಚಿರುವುದಿಲ್ಲ, ಧಾರಾವಾಹಿ ಶುರುವಾಗಿರುವುದಿಲ್ಲ. ಶನಿವಾರ ಭಾನುವಾರವಾದರೆ ಇಲ್ಲಿಯ ಬೆಳಗಿನ ಹನ್ನೊಂದೂವರೆ ಒಳ್ಳೆಯದು. ಅಲ್ಲಿ ಎಂಟು ಗಂಟೆ, ತಿಂಡಿಗೆ ಏನು ಮಾಡಿದ್ದಾರೆಂದು ನೋಡಿ ಹೊಟ್ಟೆ ಉರಿಸಿಕೊಳ್ಳಲು ಪ್ರಶಸ್ತ ಕಾಲ.

ಗಡಿಯಾರವೊಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು, ಸೂರ್ಯನೂ ಸಹಕರಿಸುವುದಿಲ್ಲ. ಡಿಸೆಂಬರಿನಲ್ಲಿ ಟೋಕಿಯೊದ ಸೂರ್ಯ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ. ಭಾರತದಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ. ಊಟದ ತಟ್ಟೆ ಮುಂದಿಟ್ಟುಕೊಂಡು ಒಂದೂವರೆಗೆ ವಿಡಿಯೊ ಕರೆ ಮಾಡಿದ ಅಮ್ಮನಿಗೆ ಮಗನ ಹಿಂದಿನ ಕಿಟಕಿಯಲ್ಲಿ ಕಗ್ಗತ್ತಲು ಕಾಣುತ್ತದೆ. ಮೂರೂವರೆ ಗಂಟೆ ಕೂಡಿಸಿದರೂ ಐದೇ ಆಯಿತಲ್ಲ, ಐದಕ್ಕೆ ಯಾವ ಊರಲ್ಲಿ ಕತ್ತಲಾಗುತ್ತೆ ಎಂದು ಅಡ್ಡಸವಾಲು. ಅವರ ಅನುಮಾನದಲ್ಲಿ ತಪ್ಪೇನಿಲ್ಲ. ಬೆಂಗಳೂರಿಗೂ ಟೋಕಿಯೊಗೂ ರೇಖಾಂಶದಲ್ಲಿ 62 ಡಿಗ್ರಿ ಅಂತರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನ ಲೆಕ್ಕದಲ್ಲಿ ನಾಲ್ಕು ಗಂಟೆಗೂ ಮೇಲಾಗುತ್ತದೆ. ಗಡಿಯಾರ ಮಾತ್ರ ಮೂರೂವರೆ ತೋರಿಸುತ್ತದೆ. ಅದರ ಮೇಲೆ ಟೋಕಿಯೊ ಬೆಂಗಳೂರಿಗಿಂತ ಬಹಳ ಉತ್ತರಕ್ಕಿರುವುದರಿಂದ ಚಳಿಗಾಲದ ಹಗಲೂ ಗಿಡ್ಡ. ಇದನ್ನೆಲ್ಲ ಫೋನಿನಲ್ಲಿ ವಿವರಿಸುವ ಹೊತ್ತಿಗೆ ಅಲ್ಲಿ ಅನ್ನ ಆರಿ ತಣ್ಣಗಾಗಿರುತ್ತದೆ. ಪರದೆ ಎಳೆದು ದೀಪ ಹಾಕಿ ಕೂರುವುದೇ ಸುಲಭ.

ಸಂಕಷ್ಟಿಯ ದಿನ ಪಂಚಾಯಿತಿಗೆ ಚಂದ್ರನೂ ಸೇರುತ್ತಾನೆ. ಅಮ್ಮನ ಗೋಡೆ ಕ್ಯಾಲೆಂಡರಿನಲ್ಲಿ ಚಂದ್ರೋದಯ ಒಂಬತ್ತು ಚಿಲ್ಲರೆ ಎಂದಿರುತ್ತದೆ. ಅದನ್ನು ಜಪಾನಿನ ಸಮಯಕ್ಕೆ ತಿರುಗಿಸಿ ಉಪವಾಸ ಕೂತವರು ಮಧ್ಯರಾತ್ರಿ ಹನ್ನೆರಡೂವರೆಗೆ ತುತ್ತು ಎತ್ತಬೇಕಾಗುತ್ತದೆ, ಚಂದ್ರ ಅದೆಷ್ಟೋ ಹೊತ್ತಿನ ಹಿಂದೆಯೇ ಮೂಡಿ ಮೇಲೇರಿದ್ದರೂ. ಪಂಚಾಂಗದ ಆ್ಯಪಿನಲ್ಲಿ ಊರು ಟೋಕಿಯೊ ಎಂದು ಬದಲಾಯಿಸಿಕೊಂಡರೆ ಈ ತೊಂದರೆ ಇಲ್ಲ. ಅಮ್ಮ ಮಾತ್ರ ಆ ಆ್ಯಪನ್ನು ನಂಬುವುದಿಲ್ಲ. ಇನ್ನು ಹೊಸ ವರ್ಷ ಜಪಾನಿಗೆ ಬರುವುದು ಊರಿನ ಡಿಸೆಂಬರ್ 31ರ ರಾತ್ರಿ ಎಂಟೂವರೆಗೆ. ಆಗ ಕಳಿಸಿದ ಶುಭಾಶಯಕ್ಕೆ ಬರುವ ಉತ್ತರ, 'ಊಟ ಮಾಡ್ತಿದೀವಿ, ಆಮೇಲೆ'.

ಸಮಯ ಹೊಂದಿಸಿಕೊಂಡವರನ್ನು ನಂಬರು ಕೆಡಿಸುತ್ತದೆ. ಜಪಾನಿನ ಮೊಬೈಲ್ ನಂಬರುಗಳು 090, 080, 070 ಎಂದು ಶುರುವಾಗುತ್ತವೆ. ಹೊರದೇಶದಿಂದ ಕರೆಯುವಾಗ +81 ಹಾಕಿ ಮೊದಲ ಸೊನ್ನೆ ಬಿಡಬೇಕು, ಅಂದರೆ +81 90 ಹೀಗೆ. ಸೊನ್ನೆಯನ್ನೂ ಸೇರಿಸಿ ಉಳಿಸಿಕೊಂಡ ಅತ್ತೆ ಮಾವಂದಿರು 'ನಿನ್ನ ಫೋನ್ ಯಾವಾಗಲೂ ಹತ್ತೋದೇ ಇಲ್ಲ' ಎಂದು ವರ್ಷಗಟ್ಟಲೆ ದೂರುತ್ತಾರೆ. ರಜೆಗೆ ಹೋದಾಗ ಎಲ್ಲರ ಫೋನಿನಲ್ಲೂ ನೀವೇ ಸರಿಯಾಗಿ ಸೇವ್ ಮಾಡಿ ಬರುವುದೊಂದೇ ದಾರಿ.

ಅದಕ್ಕಿಂತ ದೊಡ್ಡ ಗೋಜಲು ಭಾರತದ ಹಳೆಯ ಸಿಮ್. ಕುಟುಂಬದ ವಾಟ್ಸಾಪ್ ಗುಂಪು, ಬ್ಯಾಂಕು, ಆಧಾರ್ ಎಲ್ಲಕ್ಕೂ ಅದೇ ನಂಬರು. ಜಪಾನಿಗೆ ಬಂದವರು ಹೊಸ ಫೋನ್ ಕೊಳ್ಳುತ್ತಾರೆ, ವಾಟ್ಸಾಪ್ ಆರು ಅಂಕಿಯ ಕೋಡ್ ಕಳಿಸುತ್ತದೆ, ಅದು ಹೋಗುವುದು ಡ್ರಾಯರಿನಲ್ಲಿರುವ ಸಿಮ್ಮಿಗೆ. ಸಿಮ್ ಹಾಕಿದರೆ ಸಿಗ್ನಲ್ ಇಲ್ಲ, ಏಕೆಂದರೆ ರೀಚಾರ್ಜ್ ಮುಗಿದಿದೆ. ರೀಚಾರ್ಜ್ ಮಾಡಲು ಬ್ಯಾಂಕಿನ ಒಟಿಪಿ ಬೇಕು. ಒಟಿಪಿ ಬರುವುದು ಆ ಸಿಮ್ಮಿಗೇ. ಇಲ್ಲಿಗೆ ತಮ್ಮನ ಪ್ರವೇಶವಾಗುತ್ತದೆ. ಊರಿನಿಂದ ರೀಚಾರ್ಜ್ ಮಾಡಿಕೊಡುವ ತಮ್ಮನಿರುವವರು ಭಾಗ್ಯವಂತರು. ಪ್ರತಿ ಬಾರಿಯೂ ಅವನು 'ಜಪಾನ್ ಅಂತೆ ಜಪಾನ್' ಎಂದು ಅನ್ನುವುದನ್ನು ಸಹಿಸಿಕೊಂಡರಾಯಿತು.

ರೀಚಾರ್ಜ್ ಇದ್ದರೂ ಸಿಗ್ನಲ್ ಬಂದೀತೆಂಬ ಖಾತ್ರಿಯಿಲ್ಲ. ಜಪಾನಿನಲ್ಲಿ ನಮ್ಮ ಕಡೆಯ ಜಿಎಸ್‌ಎಂ ಎಂಬ ಹಳೆಯ 2ಜಿ ಜಾಲ ಯಾವತ್ತೂ ಇರಲಿಲ್ಲ. 3ಜಿ ಜಾಲವನ್ನು 2022ರಿಂದೀಚೆಗೆ ಕಂಪನಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಹಳೆಯ ಫೋನಿಗೆ ಹಳೆಯ ಸಿಮ್ ಹಾಕಿ ಕಿಟಕಿಯ ಬಳಿ ಹಿಡಿದು ನಿಂತರೆ ತೋಳು ನೋಯುತ್ತದೆ, ಅಷ್ಟೆ. ವಿಮಾನ ಹತ್ತುವ ಮೊದಲೇ ಊರಿನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಶುರುಮಾಡಿಸಬೇಕು, 4ಜಿಯಲ್ಲೇ ಮಾತು ಹಾಯಿಸಬಲ್ಲ ಎರಡು ಸಿಮ್ಮಿನ ಫೋನ್ ಇಟ್ಟುಕೊಳ್ಳಬೇಕು, ಭಾರತದ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿಡಬೇಕು. ಒಟಿಪಿಯ ಎಸ್‌ಎಂಎಸ್ ಸಾಮಾನ್ಯವಾಗಿ ಪುಕ್ಕಟೆ ಬರುತ್ತದೆ. ಕರೆ ಎತ್ತಿದರೆ ಮಾತ್ರ ದುಡ್ಡು. 'ಸಾರ್, ಪರ್ಸನಲ್ ಲೋನ್ ಬೇಕಾ?' ಎನ್ನುವವರು ಇದನ್ನು ಅರಿತವರಂತೆ ಆಗಲೇ ಕರೆ ಮಾಡುತ್ತಾರೆ. ಬೇಡ ಎನ್ನುವುದಕ್ಕೂ ನಿಮಿಷದ ಬಾಡಿಗೆ ಕಟ್ಟಬೇಕು.

ಸಿಮ್ ಹೋದರೆ ಹೋಗಲಿ ಎಂದು ಕೈಬಿಟ್ಟವರ ಕಥೆ ಇನ್ನೂ ಸ್ವಾರಸ್ಯ. ಬಳಕೆಯಿಲ್ಲದ ನಂಬರನ್ನು ಕಂಪನಿ ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ಹೊಸ ಯಜಮಾನ ವಾಟ್ಸಾಪ್ ಹಾಕಿದ ದಿನ ನಿಮ್ಮ ಫೋನಿನಿಂದ ನೀವು ಹೊರಗೆ. ಚಿಕ್ಕಮ್ಮ ಮಗಳ ಸೀಮಂತದ ಕರೆಯನ್ನು ಆ ಅಪರಿಚಿತನಿಗೆ ಪ್ರೀತಿಯಿಂದ ಕಳಿಸುತ್ತಾರೆ. ಅವನು ಬಂದರೂ ಬಂದಾನು! ನಂಬರು ಬಿಡುವ ಮೊದಲು ಸೆಟ್ಟಿಂಗ್ಸಿನಲ್ಲಿ 'ಚೇಂಜ್ ನಂಬರ್' ಒತ್ತಿ ಜಪಾನಿನ ನಂಬರಿಗೆ ಖಾತೆಯನ್ನು ದಾಟಿಸಿಕೊಂಡರೆ ಐದು ನಿಮಿಷದ ಕೆಲಸ. ಬ್ಯಾಂಕಿನ ನಂಬರನ್ನು ಅದಕ್ಕೂ ಮೊದಲೇ ಬದಲಿಸಬೇಕು.

ಮಾತಾಡುವ ಜಾಗದ ಬಗ್ಗೆಯೂ ಒಂದಿಷ್ಟು. ಜಪಾನಿನ ರೈಲಿನೊಳಗೆ ಫೋನ್ ಮಾತು ನಿಷಿದ್ಧವೆಂದೇ ತಿಳಿಯಬೇಕು. ಫೋನನ್ನು ಮ್ಯಾನರ್ ಮೋಡಿಗೆ (ಸದ್ದಿಲ್ಲದ ಸ್ಥಿತಿಗೆ) ಹಾಕಿ, ಕರೆ ಮಾಡಬೇಡಿ ಎಂದು ಧ್ವನಿವರ್ಧಕ ಹೇಳುತ್ತಲೇ ಇರುತ್ತದೆ. ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಾದರೆ ಬೋಗಿಗಳ ನಡುವಿನ ಬಾಗಿಲ ಬಳಿ ಹೋಗಿ ಮಾತಾಡಬಹುದು. ನಗರದೊಳಗೆ ಓಡಾಡುವ ರೈಲಿನಲ್ಲಾದರೆ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಮುಗಿಸಿ ಮುಂದಿನ ರೈಲು ಹಿಡಿಯಬೇಕು. 'ಟ್ರೈನಲ್ಲಿದೀನಿ' ಎಂದು ಕಳಿಸಿದ ಮೆಸೇಜಿಗೆ 'ಟ್ರೈನಲ್ಲಿದ್ರೆ ಟೈಮ್ ಇರತ್ತಲ್ಲ, ಮಾಡು' ಎಂದು ಉತ್ತರ ಬರುತ್ತದೆ. ಮನೆಯಲ್ಲಿ ಮಾತಾಡಿದರೆ ಗೋಡೆ ತೆಳು. ದೂರದೇಶದ ಕರೆಗೆ ಗಂಟಲೂ ದೂರಕ್ಕೆ ಕೇಳುವಂತಿರಬೇಕೆಂಬ ಟ್ರಂಕ್ ಕಾಲ್ ಕಾಲದ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ನಾಲ್ಕು ದಿನ ಬಿಟ್ಟು ಕಟ್ಟಡದ ಎಲ್ಲ ಅಂಚೆಪೆಟ್ಟಿಗೆಗಳಿಗೂ ಒಂದು ಚೀಟಿ ಬೀಳುತ್ತದೆ: ರಾತ್ರಿಯ ಮಾತಿನ ಸದ್ದಿನ ಬಗ್ಗೆ ನಿವಾಸಿಗಳು ದಯವಿಟ್ಟು ಗಮನ ಕೊಡಬೇಕು. ಯಾರ ಹೆಸರೂ ಇರುವುದಿಲ್ಲ. ಕಟ್ಟಡದಲ್ಲಿ ಕನ್ನಡದವರು ಒಬ್ಬರೇ ಇದ್ದರೆ ಹೆಸರು ಬೇಕೂ ಇಲ್ಲ. ಇಯರ್‌ಫೋನ್ ಹಾಕಿಕೊಂಡರೆ ಅಮ್ಮನ ದನಿಯಾದರೂ ಗೋಡೆ ದಾಟುವುದಿಲ್ಲ.

ಭೂಕಂಪದ ದಿನ ಮಾತ್ರ ಎಲ್ಲರೂ ಒಟ್ಟಿಗೇ ಕರೆ ಮಾಡುತ್ತಾರೆ. 2024ರ ಜನವರಿ 1ರಂದು ಸಂಜೆ 4 ಗಂಟೆ 10 ನಿಮಿಷಕ್ಕೆ ನೋಟೋ ಪರ್ಯಾಯದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾದಾಗ ಊರಿನ ಟೀವಿಗಳಲ್ಲಿ ಇಡೀ ಜಪಾನೇ ಕುಸಿದಿತ್ತು. ಟೋಕಿಯೊ ಅಲ್ಲಿಂದ ಸುಮಾರು 300 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರು ಇದ್ದಷ್ಟು ದೂರ ಎಂದರೆ ಅಪ್ಪಂದಿರಿಗೆ ತಟ್ಟನೆ ಅರ್ಥವಾಗುತ್ತದೆ. ಎರಡನೆಯ ಗೊಂದಲ ಅಂಕಿಗಳದು. ಊರಿನ ಸುದ್ದಿಯಲ್ಲಿ ಬರುವುದು ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯ ಅಳತೆ. ಜಪಾನಿನ ಟೀವಿಯ ನಕ್ಷೆಯಲ್ಲಿ ಬರುವುದು ಶಿಂದೊ, ಅಂದರೆ ಆಯಾ ಊರಿನ ನೆಲ ಎಷ್ಟು ಅಲುಗಿತು ಎಂಬುದು. ಸೊನ್ನೆಯಿಂದ ಏಳರವರೆಗೆ, ನಡುವೆ ಐದು ಮತ್ತು ಆರು ಎರಡೆರಡು ಪಾಲಾಗಿ ಒಟ್ಟು ಹತ್ತು ಮೆಟ್ಟಿಲು. ಒಂದೇ ಭೂಕಂಪಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಅಂಕಿ. 'ನಮ್ಮಲ್ಲಿ ಎರಡು' ಎಂದು ಮಗಳು ಅಂದರೆ 'ಟೀವಿಯಲ್ಲಿ ಏಳು ಅಂತಿದಾರೆ, ನಮ್ಮ ಹತ್ರ ಯಾಕೆ ಮುಚ್ಚಿಡ್ತೀಯಾ' ಎಂದು ಅಮ್ಮನ ಅಳು.

ಎಲ್ಲರೂ ಒಮ್ಮೆಗೇ ಕರೆದರೆ ಜಾಲ ಕಟ್ಟಿಕೊಳ್ಳುತ್ತದೆ. ಕರೆಗಿಂತ ಒಂದು ಸಾಲಿನ ಮೆಸೇಜ್ ಬೇಗ ಮುಟ್ಟುತ್ತದೆ, ನೆಲ ನಿಂತ ಕೂಡಲೇ 'ಚೆನ್ನಾಗಿದೀನಿ' ಎಂದು ಗುಂಪಿಗೆ ಹಾಕಿಬಿಡಬೇಕು. ದೊಡ್ಡ ಅನಾಹುತದಲ್ಲಿ 00000JAPAN ಎಂಬ ಹೆಸರಿನ ವೈಫೈ ಪಾಸ್‌ವರ್ಡ್ ಇಲ್ಲದೆ ತೆರೆದುಕೊಳ್ಳುತ್ತದೆ. ಅನಾಹುತದ ಹೊತ್ತಿನಲ್ಲಿ ದನಿಯ ಸಂದೇಶ ಇಡುವ ಸೇವೆಯಾದ 171ಕ್ಕೆ ಡಯಲ್ ಮಾಡಿ, 1 ಒತ್ತಿ, ನಿಮ್ಮ ನಂಬರು ಕೊಟ್ಟು 30 ಸೆಕೆಂಡ್ ದನಿ ಇಡಬಹುದು. ಜಪಾನಿನಲ್ಲಿರುವ ಗೆಳೆಯರು 2 ಒತ್ತಿ ಕೇಳಬಹುದು. ಹೊರದೇಶದಿಂದ 171 ಸಿಗುವುದಿಲ್ಲ, ಊರಿನವರು ಅದರ ವೆಬ್ ರೂಪವನ್ನು ನೋಡಬೇಕು. ತಿಂಗಳ 1 ಮತ್ತು 15ನೇ ತಾರೀಖು ಅಭ್ಯಾಸಕ್ಕೆಂದೇ ಇದನ್ನು ತೆರೆದಿಡುತ್ತಾರೆ. ಅಭ್ಯಾಸ ಮಾಡುವಾಗ ಅದು ಅಭ್ಯಾಸವೆಂದು ಅಮ್ಮನಿಗೆ ಮೊದಲೇ ಹೇಳಿಡುವುದು ಕ್ಷೇಮ.

ಫೋನಿನಲ್ಲಿ ಮುಗಿಯದ ಪ್ರೀತಿ ಪಾರ್ಸೆಲ್ಲಿನಲ್ಲಿ ಬರುತ್ತದೆ. ಜಪಾನಿನ ಅಂಚೆಯವನು ವಿಳಾಸದ ಜತೆಗೆ ಮನೆಯ ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನೂ ತಾಳೆ ನೋಡುತ್ತಾನೆ. ಪಾರ್ಸೆಲ್ಲಿನ ಮೇಲೆ 'ಚಿ. ಪುಟ್ಟು' ಎಂದಿದ್ದು ಅಂಚೆಪೆಟ್ಟಿಗೆಯ ಮೇಲೆ ಏನೂ ಇಲ್ಲದಿದ್ದರೆ ಪುಟ್ಟು ಇಲ್ಲಿಲ್ಲವೆಂದು ತೀರ್ಮಾನವಾಗಿ ಅದು ಹಿಂದಕ್ಕೆ ಹೊರಟರೂ ಹೊರಟೀತು. ಅಂಚೆಪೆಟ್ಟಿಗೆಯ ಮೇಲೆ ಮನೆಯವರೆಲ್ಲರ ಹೆಸರನ್ನೂ ಇಂಗ್ಲಿಷಿನಲ್ಲೂ ಕತಕಾನಾ ಎಂಬ ಜಪಾನಿ ಲಿಪಿಯಲ್ಲೂ ಅಂಟಿಸಿ, ಬೇಕಾದರೆ ಪುಟ್ಟುವನ್ನೂ ಸೇರಿಸಿ. ಪಾರ್ಸೆಲ್ಲಿನ ವಿಳಾಸದಲ್ಲಿ ಏಳು ಅಂಕಿಯ ಪಿನ್, ಕಟ್ಟಡದ ಹೆಸರು, ಕೋಣೆಯ ಸಂಖ್ಯೆ ಮೂರೂ ಇರಬೇಕು. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣುಗಳನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ನೆಗಡಿ ಮಾತ್ರೆಯನ್ನು ಸಂದಿಯಲ್ಲಿ ತುರುಕಬೇಡಿರೆಂದು ಹೇಳಿ, ಕಟ್ಟಿದ ಮೂಗು ಬಿಡಿಸುವ ಸ್ಯೂಡೊಎಫೆಡ್ರಿನ್ ಎಂಬ ಅಂಶ 10 ಶೇಕಡ ಮೀರಿದ ಔಷಧ ಜಪಾನಿನಲ್ಲಿ ನಿಷಿದ್ಧ. ಸಾರಿನ ಪುಡಿಯನ್ನು ಎರಡು ಜಿಪ್ ಚೀಲದಲ್ಲಿ ಹಾಕಿ ಗಾಳಿ ಒತ್ತಿ ತೆಗೆದು ಟೇಪು ಸುತ್ತಬೇಕು. ಗಾಳಿ ಉಳಿದರೆ ವಿಮಾನದಲ್ಲಿ ಉಬ್ಬಿ ಬಾಯಿ ಬಿಡುತ್ತದೆ. ಕಸ್ಟಮ್ಸ್ ಚೀಟಿಯಲ್ಲಿ ಅಪ್ಪ 'ವೈಟ್ ಪೌಡರ್, ಒಂದು ಕೆಜಿ' ಎಂದು ಬರೆಯದಂತೆ ನೋಡಿಕೊಳ್ಳಿ. ಅಕ್ಕಿಹಿಟ್ಟನ್ನು ಅಕ್ಕಿಹಿಟ್ಟು ಎಂದೇ ಬರೆಯಬೇಕು.

ಕಳಿಸಿದ ಮೇಲೆ ಟ್ರ್ಯಾಕಿಂಗ್ ನಂಬರು ಗುಂಪಿಗೆ ಬೀಳುತ್ತದೆ, ಮನೆಮಂದಿಯೆಲ್ಲ ಕಾವಲು ಕೂರುತ್ತಾರೆ. ಕಾವಾಸಾಕಿಯ ಅಂಚೆ ಕೇಂದ್ರದ ಹೆಸರು ದಾವಣಗೆರೆಯ ಅಜ್ಜಿಯ ಬಾಯಲ್ಲಿ ಬರುವುದು ಈ ಕಾರಣಕ್ಕೆ. ಮನೆಯಲ್ಲಿ ಯಾರೂ ಇಲ್ಲದಾಗ ಅಂಚೆಯವನು ಬಂದರೆ ಚೀಟಿ ಬಿಟ್ಟು ಹೋಗುತ್ತಾನೆ. ಏಳು ದಿನದೊಳಗೆ ಚೀಟಿಯ ಕೋಡ್ ಒತ್ತಿ ಮತ್ತೆ ತರಿಸಿಕೊಳ್ಳಬೇಕು, ಇಲ್ಲವಾದರೆ ಚಟ್ನಿಪುಡಿಗೆ ವಾಪಸು ಪ್ರಯಾಣ. ಆಫೀಸಿಗೆ ಹೋಗುವವರು ರಾತ್ರಿಯ ಕೊನೆಯ ಸರದಿಯನ್ನು ಆರಿಸಿಕೊಳ್ಳುತ್ತಾರೆ. ಅವನು ಆ ಹೊತ್ತಿಗೆ ತಪ್ಪದೆ ಬರುತ್ತಾನೆ. ಊರಿನಲ್ಲಿ ಆಗ ಸಂಜೆಯ ಕಾಫಿ ಮುಗಿದಿರುತ್ತದೆ. ಅಮ್ಮ ವಿಡಿಯೊದಲ್ಲಿ ಹಾಜರಿದ್ದು ಎಷ್ಟು ಪೊಟ್ಟಣ ಬಂದವೆಂದು ಎಣಿಸುತ್ತಾರೆ, ಸಹಿ ಹಾಕಿಸಿಕೊಳ್ಳಲು ನಿಂತ ಅಂಚೆಯವನಿಗೆ ಕಾಫಿ ಕೊಟ್ಟೆಯಾ ಎಂದು ಕೇಳುತ್ತಾರೆ.