ಹನ್ನೆರಡರ ಬಿಸಿಲಿಗೆ ಬರುವವರು

ಗಾಣಗಾಪುರದವರಿಗೆ ಮಧ್ಯಾಹ್ನ ಹನ್ನೆರಡು ಅಂದರೆ ಬರೀ ಊಟದ ಹೊತ್ತಲ್ಲ. ಆ ಹೊತ್ತಿಗೆ ದತ್ತ ಮಹಾರಾಜರು ಭಿಕ್ಷೆಗೆ ಬರುತ್ತಾರೆ, ಯಾವ ವೇಷದಲ್ಲಿ ಅಂತ ಮಾತ್ರ ಹೇಳಲು ಬರುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಹೋದ ಭಕ್ತರೂ ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಯ ದರ್ಶನ ಮಾಡಿ, ಜೋಳಿಗೆ ಹಿಡಿದು ಐದು ಕಡೆ ಮಧುಕರಿ ಬೇಡುತ್ತಾರೆ. ಇಸ್ತ್ರಿ ಅಂಗಿಯ ಸಾಹುಕಾರರೂ ಬೇಡುತ್ತಾರೆ, ಬೇಡುವುದೇ ಬದುಕಾದವರೂ ಬೇಡುತ್ತಾರೆ. ಫಜೀತಿ ಏನಿದ್ದರೂ ನೀಡುವವರದು. ಇಷ್ಟು ಜನರಲ್ಲಿ ಅವನು ಯಾರು? ಗೊತ್ತಾಗದ ಮೇಲೆ ಎಲ್ಲರ ಜೋಳಿಗೆಗೂ ತುತ್ತು ಬೀಳಲೇಬೇಕು. ದೇವರು ಭಾರಿ ಜಾಣ.

ನಮ್ಮ ಅತ್ತೆಯ ತವರು ಅದೇ ಅಫಜಲಪುರ ತಾಲ್ಲೂಕು. ಮದುವೆಯಾಗಿ ಕಲಬುರಗಿಗೆ ಬರುವಾಗ ಈ ನಂಬಿಕೆಯನ್ನೂ ಟ್ರಂಕಿನಲ್ಲಿ ಇಟ್ಟುಕೊಂಡೇ ಬಂದಿರಬೇಕು. ಹನ್ನೆರಡರ ಆಸುಪಾಸಿಗೆ ನಮ್ಮ ಬಾಗಿಲು ಬಡಿದವರ ಮೇಲೆಲ್ಲ ಅವರಿಗೆ ಒಂದು ಗುಮಾನಿ. ಕೊರಿಯರ್ ಹುಡುಗನಿರಲಿ, ಕರೆಂಟ್ ಬಿಲ್ಲಿನವನಿರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ಗಡಿಗೆ ನೀರು, ಆಮೇಲೆ ವ್ಯವಹಾರ. ಒಟಿಪಿ ಹೇಳುವುದೂ ನೀರು ಕುಡಿದ ಮೇಲೆಯೇ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರವೇ ಹೆದರಿದೆ. ಆದರೆ ಗ್ಯಾಸ್ ಸಿಲಿಂಡರಿನವನಿಗೆ ಅಂಥ ಆದೇಶ ಏನೂ ಬಂದಿಲ್ಲ. ಹೋದ ಮೇ ತಿಂಗಳಲ್ಲಿ ಅವನು ಬಂದದ್ದು ಸರಿಯಾಗಿ ಹನ್ನೆರಡು ದಾಟಿದ ಮೇಲೆ. ಹೆಗಲ ಮೇಲಿನ ಸಿಲಿಂಡರನ್ನು ನೆರಳಿಗೆ ಇಳಿಸಿ, ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತರಕ್ಕೆ ಹಿಡಿದು, ಕಣ್ಣು ಮುಚ್ಚಿ ಗಟಗಟ ಸುರಿದುಕೊಂಡ. ಗದ್ದದಿಂದ ಜಾರಿದ ಹನಿಗಳು ಅಂಗಳದ ಶಹಾಬಾದಿ ಪರಸಿಯ ಮೇಲೆ ಬಿದ್ದು, ನೋಡುವಷ್ಟರಲ್ಲಿ ಕಲೆಯೂ ಉಳಿಯದೆ ಆರಿದವು. ಅತ್ತೆ ಮಾತ್ರ ಅವನ ಕಾಲನ್ನೇ ನೋಡುತ್ತಿದ್ದರು.

ಅದಕ್ಕೂ ಆಧಾರ ಉಂಟು. ದಮಯಂತಿಯ ಸ್ವಯಂವರದಲ್ಲಿ ಒಬ್ಬ ನಳನ ಬದಲು ಐವರು ನಳರು ಕೂತಿದ್ದರಲ್ಲ, ಆಗ ಅವಳು ದೇವತೆಗಳನ್ನು ಗುರುತು ಹಿಡಿದದ್ದು ಹೀಗೆಯೇ: ಅವರ ಕಾಲು ನೆಲಕ್ಕೆ ತಾಗುವುದಿಲ್ಲ, ನೆರಳು ಬೀಳುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಬೆವರುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಕಾದ ಪರಸಿಯ ಮೇಲೆ ನಿಂತವನ ಕಾಲು ನೆಲಕ್ಕೆ ಹತ್ತುತ್ತಲೇ ಇರಲಿಲ್ಲ. ಒಂದನ್ನು ಎತ್ತಿ ಇನ್ನೊಂದನ್ನು ಇಡುತ್ತ ಕುಣಿಯುತ್ತಿದ್ದ. ನೆರಳಂತೂ ಹುಡುಕಿದರೂ ಸಿಗಲಿಲ್ಲ. ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನಮ್ಮೂರಿನ ನೆತ್ತಿಗೆ ನೇರ ಬರುತ್ತಾನೆ, ಹನ್ನೆರಡೂಕಾಲರ ಸುಮಾರಿಗೆ ಎಲ್ಲರ ನೆರಳೂ ಅವರವರ ಕಾಲಡಿಗೇ ಸೇರಿಕೊಳ್ಳುತ್ತದೆ. ಅಷ್ಟು ಹೊತ್ತು ಇಡೀ ಕಲಬುರಗಿಯೇ ದೇವಲೋಕ.

"ಆದ್ರ ಬೆವರಿದಾನಲ್ರಿ ಅತ್ತಿ" ಅಂದೆ.

"ಕಲಬುರ್ಗಿ ಬಿಸಲಾಗ ದೇವ್ರಿಗೂ ಬೆವರು ಬರ್ತದ, ಸುಮ್ನಿರು" ಅಂದರು.

ಮಾವನವರಿಗೆ ಇದೆಲ್ಲ ಸೇರದು. ಪೇಪರಿನಿಂದ ತಲೆ ಎತ್ತಿ ಬಸವಣ್ಣನವರನ್ನು ಕರೆತರುತ್ತಾರೆ. ಮಡಕೆ ದೈವ, ಮೊರ ದೈವ, ಬೀದಿಯ ಕಲ್ಲು ದೈವ ಅಂತ ಹೊರಟರೆ ಕಾಲಿಡಲು ಜಾಗ ಉಳಿಯುವುದಿಲ್ಲ ಎಂದು ಅವರು ಆಗಲೇ ಗೇಲಿ ಮಾಡಿದ್ದಾರಲ್ಲ. ಕಲ್ಯಾಣವೂ ಪಕ್ಕದ ಬೀದರ ಜಿಲ್ಲೆಯಲ್ಲೇ ಇರುವುದರಿಂದ ಮಾವನವರಿಗೆ ಆ ಮಾತು ನೆರೆಮನೆಯವರು ಹೇಳಿ ಕಳಿಸಿದಷ್ಟು ಹತ್ತಿರ. ಅತ್ತೆಯೂ ಬಿಡುವವರಲ್ಲ.

"ಮಡಕಿಗಿ ನಾ ಯಾವಾಗ ಕೈ ಮುಗ್ದೀನ್ರಿ? ಮಡಕ್ಯಾಗಿನ ನೀರ್ ಕೊಟ್ಟೀನಿ."

ಮಾವನವರು ಪೇಪರಿನೊಳಗೆ ವಾಪಸು. ಈ ವಾದದಲ್ಲಿ ನಾನು ಅತ್ತೆಯ ಕಡೆ. ದೇವರು ಒಬ್ಬನೇ ಎಂದ ಬಸವಣ್ಣನವರ ದಾರಿಯಲ್ಲೇ ದಾಸೋಹವೂ ಬಂತು. ನಮ್ಮೂರ ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಹೊಲ ಕಾಯುವಾಗ, ತೆನೆಗೆ ಬಂದ ಹಕ್ಕಿಗಳನ್ನು ಓಡಿಸುವುದು ಬಿಟ್ಟು, ಕಾಳು ತಿಂದ ಮೇಲೆ ದಾಹವಾದೀತೆಂದು ನೀರನ್ನೂ ಇಟ್ಟರಂತೆ. ಹಕ್ಕಿಯ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅಂತ ಅವರು ನೋಡಲಿಲ್ಲ. ಅತ್ತೆ ನೋಡುತ್ತಾರೆ, ಆದರೆ ನೀರು ಕೊಟ್ಟಾದ ಮೇಲೆ. ಅಷ್ಟು ಕುತೂಹಲ ಇರಲಿ ಬಿಡಿ.

ವೋಟು ಕೇಳುವವರ ವಿಷಯದಲ್ಲಿ ಮಾತ್ರ ಅತ್ತೆಗೆ ಎಳ್ಳಷ್ಟೂ ಗುಮಾನಿ ಇಲ್ಲ. ಅವರು ಬರುವುದು ಸಂಜೆ ಆರರ ಮೇಲೆ, ಹಾರ ಹಾಕಿಕೊಂಡು, ಕೈ ಮುಗಿಯುತ್ತ. ಅತ್ತೆ ಕೂತಲ್ಲಿಂದ ಏಳುವುದೂ ಇಲ್ಲ.

"ತಂಪ್ ಹೊತ್ತಿಗಿ ಬಂದವ್ರು ಇವರು. ನೀರಡಿಕಿ ಆಗಿರಂಗಿಲ್ಲ, ಬಾಗ್ಲಾ ಹಾಕ."