ಲ್ಯಾಪ್‌ಟಾಪ್ ವೇಷದ ಟ್ಯಾಬು

ಉಡುಪಿಯಲ್ಲಿ ಅಷ್ಟಮಿಗೆ ಹುಲಿವೇಷ, ಮಂಗಳೂರಿನಲ್ಲಿ ನವರಾತ್ರಿಗೆ. ಟ್ಯಾಬಿಗೆ ಲ್ಯಾಪ್‌ಟಾಪ್ ವೇಷ ಕಟ್ಟಲು ಮಾತ್ರ ವರ್ಷವಿಡೀ ಸೀಸನ್ನು.

"ಲ್ಯಾಪ್‌ಟಾಪಿನ ಕೆಲಸ ಎಲ್ಲ ಇದರಲ್ಲಿ ಆಗ್ತದಾ?"

"ಆಗದೆ ಎಂಥ ಸರ್, ಎಲ್ಲ ಆಗ್ತದೆ!"

ಯಾವ ಕೆಲಸ ಅಂತ ಕೊಳ್ಳುವವರು ಹೇಳುವುದಿಲ್ಲ, ಅಂಗಡಿಯವನು ಕೇಳುವುದೂ ಇಲ್ಲ. ವ್ಯಾಪಾರ ಕುದುರಿತು.

ಹಗುರ ಎಂದು ಕೊಂಡ ಮೇಲೆ ವೇಷದ ಸಾಮಾನು ಒಂದೊಂದಾಗಿ ಬರುತ್ತದೆ: ಕೀಬೋರ್ಡ್ ಕವರು, ಮೌಸು, ಪೆನ್ನು, ಪೆನ್‌ಡ್ರೈವ್ ಚುಚ್ಚಲು ಓಟಿಜಿ. 2022ರ 12.9 ಇಂಚಿನ ಐಪ್ಯಾಡ್ ಪ್ರೊ 682 ಗ್ರಾಂ. ಅದರದೇ ಮ್ಯಾಜಿಕ್ ಕೀಬೋರ್ಡು ಹೆಚ್ಚುಕಡಿಮೆ ಅಷ್ಟೇ ಭಾರ. ಎರಡನ್ನೂ ಸೇರಿಸಿ ತೂಗಿ ನೋಡಿ, ಅದೇ ಕಂಪನಿಯ 1.24 ಕಿಲೋದ ಮ್ಯಾಕ್‌ಬುಕ್ ಏರ್ ತಕ್ಕಡಿಯಲ್ಲಿ ಮೇಲೇಳುತ್ತದೆ.

ಪರದೆ ದೊಡ್ಡದಿರಲಿ ಅಂತ 11 ಇಂಚಿನದನ್ನು ಆರಿಸುವವರು ಇನ್ನೊಂದು ಗಮನಿಸಬೇಕು. ಮೈಕ್ರೋಸಾಫ್ಟಿನ ವರ್ಡ್, ಎಕ್ಸೆಲ್ ಆ್ಯಪುಗಳಲ್ಲಿ ಪುಕ್ಕಟೆ ತಿದ್ದಲು ಬಿಡುವುದು 10.1 ಇಂಚಿನವರೆಗೆ. ಅದರಾಚೆ ಓದಬಹುದು, ತಿದ್ದಬೇಕಾದರೆ ಚಂದಾ. ಭೂಸುಧಾರಣೆಯಲ್ಲಿ ಗೇಣಿ ಹೋದ ಜಿಲ್ಲೆಗಳಲ್ಲಿ ಒಂದಿಂಚು ಗಾಜಿಗೆ ವರ್ಷವರ್ಷವೂ ಗೇಣಿ! ಗೇಣಿ ಕೊಟ್ಟರೂ ಎಕ್ಸೆಲ್ಲಿನ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಓಡುವುದಿಲ್ಲ.

ಕನ್ನಡದ ಕಥೆ ಇನ್ನೂ ಸ್ವಾರಸ್ಯ. ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಕೀಲಿಮಣೆಗೆ ಆಧಾರವಾದ ವಿನ್ಯಾಸ ಮಾಡಿದ ಕೆ.ಪಿ. ರಾಯರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಅದೇ ಊರಿನ ಸೊಸೈಟಿಯ ವಾರ್ಷಿಕ ವರದಿ ಟ್ಯಾಬಿನಲ್ಲಿ ತೆರೆದರೆ ಕೊಂಬು ಮೂಡಿದ ರೋಮನ್ ಅಕ್ಷರಗಳ ಮೆರವಣಿಗೆ. ಕಡತ ಹಾಳಾಗಿಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಎಲ್ಲ ಸಾಧನಗಳಿಗೂ ಅರ್ಥವಾಗುವ ಯುನಿಕೋಡ್ ಸಂಕೇತದವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು. ಫಾಂಟ್ ಇಲ್ಲದಲ್ಲಿ ಮುಖವಾಡ ಕಳಚುತ್ತದೆ. ಪರಿವರ್ತಕ ಇದೆಯಲ್ಲ? ಇದೆ, ಆನ್ಲೈನಿನಲ್ಲೂ ಇದೆ. ಆದರೆ ಪಠ್ಯವನ್ನು ನಕಲಿಸಿ ಅಂಟಿಸುವ ಕೆಲಸ ನಿಮ್ಮದು. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೀಬೋರ್ಡ್ ಸಿಕ್ಕಿಸಿ 'ಕಾರ್ಕಳ' ಅಂತ ಟೈಪಿಸಿ ನೋಡಿ. ಅರ್ಕಾವೊತ್ತು ಸರಿಯಾಗಿ ಕೂತರೆ ಮುಂದಿನ ಮಾತು.

ಡಿಜಿಟಲ್ ಸಹಿಯ ಟೋಕನ್ (ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಸಾಧನ) ಇದ್ದವರು ಆ ಮಾತೂ ಆಡಬೇಕಾಗಿಲ್ಲ. ಟೋಕನ್ನಿನ ಡ್ರೈವರು, ಜಿಎಸ್‌ಟಿ ಪೋರ್ಟಲಿನ ಎಮ್‌ಸೈನರು ಎಂಬ ಸಹಿ ತಂತ್ರಾಂಶ ಎರಡೂ ಕಂಪ್ಯೂಟರಿಗೆ ಮಾಡಿದ್ದು. ಓಟಿಜಿಯಲ್ಲಿ ಚುಚ್ಚಿದರೆ ದೀಪ ಉರಿದೀತು, ಸಹಿ ಬೀಳದು.

ಇನ್ನು 4 ಜಿಬಿ ರ‍್ಯಾಮಿನ ಅಗ್ಗದ ಟ್ಯಾಬು. ಸರ್ಕಾರಿ ಅರ್ಜಿಯ ನಾಲ್ಕನೇ ಪುಟದಲ್ಲಿದ್ದೀರಿ. ಜಾತಿ ಪ್ರಮಾಣಪತ್ರದ ಪಿಡಿಎಫ್ ಹುಡುಕಲು ಬೇರೆ ಆ್ಯಪಿಗೆ ಹೋಗಿ ಬರುವಷ್ಟರಲ್ಲಿ ಮೆಮೊರಿ ಸಾಲದೆ ಬ್ರೌಸರ್ ಪುಟವನ್ನೇ ಬಿಟ್ಟುಬಿಟ್ಟಿರುತ್ತದೆ. ಹೆಸರು, ತಂದೆಯ ಹೆಸರು, ಮತ್ತೆ ಮೊದಲಿನಿಂದ. 8 ಜಿಬಿ ಇದ್ದರೆ ಈ ಕಾಟ ಕಡಿಮೆ. ಸಂಗ್ರಹ 128 ಜಿಬಿಗಿಂತ ಕೆಳಗೆ ಬೇಡ. ಫ್ಯಾಮಿಲಿ ಗ್ರೂಪಿನ ಶುಭೋದಯಗಳೇ ಅಷ್ಟು ತುಂಬಿಸುತ್ತವೆ.

ಓದಲು, ಪಾಠ ಕೇಳಲು, ದುಬೈಯಲ್ಲಿರುವ ಮಗನ ಮುಖ ನೋಡಲು, ಪಿಡಿಎಫ್ ಮೇಲೆ ಗೀಚಲು ಟ್ಯಾಬಿಗೆ ಸಮ ಇಲ್ಲ. ಕೀಬೋರ್ಡೂ ಬೇಡ. ಆದರೆ ಅಷ್ಟಕ್ಕೆ ಮಾತ್ರ ಕೊಂಡೆ ಎಂದರೆ ಮರ್ಯಾದೆ ಏನಾಗಬೇಕು?

ಹಾಗಾಗಿ ಕೊನೆಯ ಅಂಕ ಝೆರಾಕ್ಸ್ ಅಂಗಡಿಯಲ್ಲಿ. ಮನೆಯ ಹಳೆಯ ಯುಎಸ್‌ಬಿ ಪ್ರಿಂಟರಿಗೆ ವೈಫೈ ಇಲ್ಲ, ಟ್ಯಾಬಿಗೆ ಅದರ ಗುರುತು ಹತ್ತುವುದಿಲ್ಲ. ಅಂಗಡಿಯಲ್ಲಿರುವುದು ಅಕ್ಷರ ಸವೆದ ಕೀಬೋರ್ಡು, ಧೂಳು ಹಿಡಿದ ಸಿಪಿಯು. ನುಡಿ ಇದೆ, ಪ್ರಿಂಟರೂ ಇದೆ. ಹೊರಗೆ ಮಳೆ. ವೇಷ ಕಟ್ಟಿದ ಟ್ಯಾಬನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತವರನ್ನು ಹುಡುಗ ತಲೆ ಎತ್ತಿಯೂ ನೋಡುವುದಿಲ್ಲ, ಗೋಡೆಯ ನಂಬರ್ ತೋರಿಸುತ್ತಾನೆ:

"ವಾಟ್ಸಾಪ್ ಮಾಡಿ ಸರ್."