ಸ್ಪಷ್ಟನೆ: ಅಮೆರಿಕ ಅಧ್ಯಕ್ಷರ ಮೇಜು ಮುಳುಗಿದ ಹಡಗಿನದ್ದಲ್ಲ

‘ಮುಳುಗಿದ ಹಡಗಿನ ಮರದಿಂದ ಮಾಡಿದ ಮೇಜು. 1880ರಿಂದಲೂ ಎಲ್ಲ ಅಮೆರಿಕ ಅಧ್ಯಕ್ಷರು ಓವಲ್ ಆಫೀಸಿನಲ್ಲಿ (ಶ್ವೇತಭವನದ ಅಧ್ಯಕ್ಷರ ಕಚೇರಿ) ಇದನ್ನೇ ಬಳಸಿದ್ದಾರೆ’ ಎಂಬ ಮೆಸೇಜ್ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಎರಡೂ ಮಾತು ತಪ್ಪು.

ಮೇಜಿನ ಮರ ಬಂದಿದ್ದು ಎಚ್‌ಎಂಎಸ್ ರೆಸಲ್ಯೂಟ್ ಎಂಬ ಬ್ರಿಟಿಷ್ ಹಡಗಿನಿಂದ. ಅದು ಮುಳುಗಲೇ ಇಲ್ಲ. 1854ರಲ್ಲಿ ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಕೊಂಡಾಗ ಬ್ರಿಟಿಷ್ ನಾವಿಕರು ಅದನ್ನು ಬಿಟ್ಟು ಬಂದರು. ಹಡಗು ತನ್ನಷ್ಟಕ್ಕೆ ತೇಲುತ್ತಾ ಹೋಯಿತು! 1855ರಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯವರಿಗೆ ಸಿಕ್ಕಿತು. ಅಮೆರಿಕ ಅದನ್ನು ರಿಪೇರಿ ಮಾಡಿಸಿ ವಾಪಸ್ ಕೊಟ್ಟಿತು. ಮುಂದೆ ಹಡಗನ್ನು ಒಡೆದಾಗ ಅದರ ಓಕ್ ಮರದಲ್ಲಿ ಮಾಡಿಸಿದ ಮೇಜನ್ನು ವಿಕ್ಟೋರಿಯಾ ರಾಣಿ 1880ರಲ್ಲಿ ಅಧ್ಯಕ್ಷ ಹೇಯ್ಸ್ ಅವರಿಗೆ ಉಡುಗೊರೆಯಾಗಿ ಕಳಿಸಿದರು. ಈ ಕತೆ ಮೇಜಿನ ಹಿತ್ತಾಳೆ ಫಲಕದಲ್ಲೇ ಇದೆ.

ಓವಲ್ ಆಫೀಸ್ ಕಟ್ಟಿದ್ದೇ 1909ರಲ್ಲಿ. ಮೇಜು ಅಲ್ಲಿಗೆ ಬಂದಿದ್ದು 1961ರಲ್ಲಿ, ಕೆನಡಿ ಕಾಲಕ್ಕೆ. ಆಮೇಲಿನ ಅಧ್ಯಕ್ಷರಾದ ನಿಕ್ಸನ್, ಫೋರ್ಡ್ ಅಲ್ಲಿ ಬೇರೆ ಮೇಜು ಬಳಸಿದರು.

ಈ ಮೇಜಿನ ಫೋಟೋಗಳಲ್ಲಿ ಮುಂಭಾಗದಲ್ಲಿ ಕಾಣುವ ಹದ್ದಿನ ಕೆತ್ತನೆಯ ಬಾಗಿಲೂ ಮೊದಲು ಇರಲಿಲ್ಲ. ಪೋಲಿಯೊದಿಂದಾಗಿ ಕಾಲಿಗೆ ಹಾಕುತ್ತಿದ್ದ ಆಧಾರದ ಪಟ್ಟಿಗಳು ಕಾಣದಿರಲಿ ಎಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಕೇಳಿದ್ದರು. ಕೂರಿಸಿದ್ದು ಅವರು ತೀರಿಕೊಂಡ ಮೇಲೆ, 1945ರಲ್ಲಿ. ಹಾಗಾಗಿ ಹದ್ದಿನ ಬಾಗಿಲಿರುವ ಮೇಜನ್ನು ‘1880ರ ಆ್ಯಂಟಿಕ್’ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಆ ಮೆಸೇಜನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ.